ಗಂಟೆಗೂ ಒಂದು ಊರು ಬೇಕು

"ಭಾನುವಾರ ಸಂಜೆ 7.30ಕ್ಕೆ. ಸರ್ವರಿಗೂ ಆದರದ ಸ್ವಾಗತ." ಹೊರನಾಡಿನ ಕನ್ನಡ ಬಳಗಗಳು ಹಂಚುವ ಆನ್‌ಲೈನ್ ಗೋಷ್ಠಿಗಳ ಆಮಂತ್ರಣಗಳಲ್ಲಿ ಈ ಎರಡು ವಾಕ್ಯಗಳು ಅಕ್ಕಪಕ್ಕದಲ್ಲಿಯೇ ಕುಳಿತಿರುತ್ತವೆ. ಎರಡನೆಯದನ್ನು ಮನಃಪೂರ್ವಕವಾಗಿ ಬರೆದಿದ್ದರೆ ಮೊದಲನೆಯದನ್ನು ಹೀಗೆ ಬರೆಯಲು ಸಾಧ್ಯವಿರಲಿಲ್ಲ. ಏಕೆಂದರೆ ಆ 'ಸರ್ವ'ರಲ್ಲಿ ಇಂದು ದೆಹಲಿ, ಪುಣೆ, ಚೆನ್ನೈಗಳ ಸದಸ್ಯರಷ್ಟೇ ಇಲ್ಲ. ನಮ್ಮ ಬಳಗಗಳಿಂದಲೇ ನ್ಯೂಜೆರ್ಸಿಗೋ ಲಂಡನ್ನಿಗೋ ಮೆಲ್ಬರ್ನಿಗೋ ಹೋಗಿ ನೆಲೆಸಿದವರಿದ್ದಾರೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಕ್ಯಾಲಿಫೋರ್ನಿಯದಲ್ಲಿ ತಂಗಿರುವ ಹಿರಿಯರಿದ್ದಾರೆ. ವಾಟ್ಸಾಪಿನಲ್ಲಿ ಬಂದ ಆ ಆಮಂತ್ರಣವನ್ನು ನೋಡಿ, ಹಂಚಿಕೊಂಡ ಕ್ಯಾಲೆಂಡರಿನಲ್ಲಿ ಬೇರೆಯೇ ಗಂಟೆಯನ್ನು ಕಂಡು, ಯಾವುದು ಸರಿ ಎಂದು ಕೇಳಲು ಸಂಕೋಚಪಟ್ಟು ಸುಮ್ಮನಾದವರೂ ಇದ್ದಾರೆ. ಅವರ ಮಟ್ಟಿಗೆ ಈ 7.30 ಯಾವ ಊರಿನದು?

ನನ್ನ ವಾದ ಸರಳ. ಊರಿನ ಹೆಸರಿಲ್ಲದ ಗಂಟೆ ಅರ್ಧ ಆಡಿ ನಿಲ್ಲಿಸಿದ ಮಾತು. ಹಂಚಿಕೊಂಡ ಕ್ಯಾಲೆಂಡರಿನಲ್ಲಿ ಕಾರ್ಯಕ್ರಮವೊಂದನ್ನು ನಮೂದಿಸುವವರು ಅದು ಯಾವ ಊರಿನ ಗಡಿಯಾರಕ್ಕೆ ಸೇರಿದ್ದೆಂದು ಮೊದಲು ತೀರ್ಮಾನಿಸಬೇಕು, ಆಮೇಲೆ ಆ ತೀರ್ಮಾನವನ್ನು ಬಾಯಿಬಿಟ್ಟು ಹೇಳಬೇಕು. ಇದು ಕರೆಯುವವರ ಕರ್ತವ್ಯ. ಬರುವವರದಲ್ಲ, ಯಂತ್ರದ್ದಂತೂ ಅಲ್ಲವೇ ಅಲ್ಲ. ಈ ಮಾತಿಗೆ ಎದುರಾಗಿ ಮೂರು ಸಮಾಧಾನಗಳು ಕೇಳಿಬರುತ್ತವೆ. 'ಅದನ್ನೆಲ್ಲ ತಂತ್ರಾಂಶ ನೋಡಿಕೊಳ್ಳುತ್ತದೆ' ಎಂಬುದು ಒಂದು. 'ಎಲ್ಲವನ್ನೂ ಯುಟಿಸಿಯಲ್ಲಿ ಇಟ್ಟುಬಿಟ್ಟರೆ ಗೊಂದಲವೇ ಇಲ್ಲ' ಎಂಬುದು ಇನ್ನೊಂದು. 'ನಾವು ಭಾರತದವರು, ನಮ್ಮ ಕಾಲ ಹೇಳಿದ್ದೇವೆ, ಬೇಕಾದವರು ಲೆಕ್ಕ ಹಾಕಿಕೊಳ್ಳಲಿ' ಎಂಬುದು ಮೂರನೆಯದು. ಮೂರೂ ಸೋಮಾರಿತನಕ್ಕೆ ತೊಡಿಸಿದ ಬೇರೆ ಬೇರೆ ಅಂಗಿಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಂಟೆಗೆ ಊರು ಬೇಕೆಂಬುದು ಹೊಸ ಬೇಡಿಕೆಯೇನೂ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಿತ್ಯ ಕಡತಗಳ ನಡುವೆ ಕುಳಿತಿರುವ ನನ್ನಂಥವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಸುತ್ತೋಲೆ ಬರೀ ದಿನಾಂಕ ಹೊತ್ತು ಹೊರಡುವುದಿಲ್ಲ, 'ನವದೆಹಲಿ' ಎಂದು ಬರೆದು ಅದರ ಪಕ್ಕದಲ್ಲಿ ದಿನಾಂಕ ಹಾಕುತ್ತಾರೆ. ಕನ್ನಡದಲ್ಲಿ ಅರ್ಜಿ ಬರೆದು ಬೆಳೆದವರಿಗೆಲ್ಲ ಹಾಳೆಯ ಕೊನೆಯಲ್ಲಿ ಬರುವ 'ಸ್ಥಳ', 'ದಿನಾಂಕ' ಎಂಬ ಜೋಡಿ ಕಂಠಪಾಠ. ಪೂಜೆಗೆ ಕುಳಿತವರು ಸಂಕಲ್ಪ ಮಾಡುವಾಗ ತಾವಿರುವ ದೇಶವನ್ನೂ ಕಾಲವನ್ನೂ ಒಟ್ಟಿಗೇ ಹೇಳಿಕೊಳ್ಳುತ್ತಾರೆ. 'ದೇಶಕಾಲ' ಎಂಬುದು ನಮ್ಮ ಭಾಷೆಯಲ್ಲಿ ಒಂದೇ ಪದ. ಪಂಚಾಂಗಕಾರರಂತೂ ಇನ್ನೂ ಕರಾರುವಾಕ್ಕು. ಬೆಂಗಳೂರಿಗೂ ಮುಂಬೈಗೂ ರೇಖಾಂಶದಲ್ಲಿ ಸುಮಾರು ನಾಲ್ಕೂಮುಕ್ಕಾಲು ಡಿಗ್ರಿಯ ಅಂತರವಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಮುಂಬೈಯಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 19 ನಿಮಿಷ ತಡ. ರಾಹುಕಾಲವನ್ನು ಸೂರ್ಯೋದಯದಿಂದ ಎಣಿಸುವುದರಿಂದ, ಬೆಂಗಳೂರಿನ ರಾಹುಕಾಲವನ್ನು ಹಿಡಿದು ಮುಂಬೈಯಲ್ಲಿ ಹೊಸ್ತಿಲು ದಾಟುವವರು ತಮ್ಮ ನಂಬಿಕೆಯ ಲೆಕ್ಕದಲ್ಲಿಯೇ ತಪ್ಪುತ್ತಾರೆ. ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಹೊತ್ತಿಗೆ ಊರಿದೆ ಎಂಬ ವಿವೇಕ ಆ ಲೆಕ್ಕದಲ್ಲಿದೆ, ನಮ್ಮ ಆಮಂತ್ರಣಗಳಲ್ಲಿ ಇಲ್ಲ.

ಇಡೀ ದೇಶಕ್ಕೆ ಒಂದೇ ಗಡಿಯಾರ ಎಂಬುದೇ ಈಚಿನ ಏರ್ಪಾಡು. 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಭಾರತೀಯ ಪ್ರಮಾಣ ಕಾಲ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಮುಂಬೈ ಅದನ್ನು ಸುಲಭವಾಗಿ ಒಪ್ಪಲಿಲ್ಲ; ಅದಕ್ಕಿಂತ 39 ನಿಮಿಷ ಹಿಂದಿದ್ದ 'ಬಾಂಬೆ ಟೈಮ್' ದಶಕಗಳ ಕಾಲ ಅದರ ಜೊತೆಜೊತೆಗೇ ನಡೆಯಿತು. ಕಲ್ಕತ್ತಾ ನಗರ ತನ್ನದೇ ಕಾಲವನ್ನು 1948ರವರೆಗೂ ಉಳಿಸಿಕೊಂಡಿತ್ತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ, 1942ರಿಂದ 1945ರವರೆಗೆ, ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಲಾಗಿತ್ತು. ಎರಡು ಗಡಿಯಾರಗಳಿದ್ದ ಊರಿನಲ್ಲಿ ಬಾಳಿದವರಿಗೆ 'ಯಾವ ಟೈಮು?' ಎಂದು ಕೇಳುವುದು ಉಸಿರಾಡಿದಷ್ಟು ಸಹಜವಾಗಿತ್ತು. ಒಂದೇ ಗಡಿಯಾರದ ನಿಶ್ಚಿಂತೆಯಲ್ಲಿ ತಲೆಮಾರುಗಳನ್ನು ಕಳೆದ ನಮಗೆ ಆ ಪ್ರಶ್ನೆಯೇ ಮರೆತುಹೋಗಿದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಈ ಮರೆವಿನಿಂದ ಯಾರಿಗೂ ತೊಂದರೆಯಿಲ್ಲ. ಕ್ಯಾಲೆಂಡರನ್ನು ದೇಶದಾಚೆಗೆ ಹಂಚಿಕೊಂಡ ಕ್ಷಣದಿಂದ ತೊಂದರೆ ಶುರುವಾಗುತ್ತದೆ.

ಈಗ ಮೊದಲನೆಯ ಸಮಾಧಾನಕ್ಕೆ ಬರೋಣ. ತಂತ್ರಾಂಶ ನೋಡಿಕೊಳ್ಳುತ್ತದೆ ಎಂಬುದು ನಿಜವೇ. ಆದರೆ ನಾವು ಹೇಳಿಕೊಟ್ಟದ್ದನ್ನು ಮಾತ್ರ. ಬಳಗವೊಂದು ಪ್ರತಿ ಭಾನುವಾರ ಸಂಜೆ 7.30ಕ್ಕೆ ಓದುಗೋಷ್ಠಿ ನಡೆಸುತ್ತದೆ ಎನ್ನೋಣ. ಜುಲೈ ತಿಂಗಳಿನಲ್ಲಿ ಆ ಹೊತ್ತು ನ್ಯೂಜೆರ್ಸಿಯಲ್ಲಿ ಬೆಳಗ್ಗೆ 10 ಗಂಟೆ, ಲಂಡನ್ನಿನಲ್ಲಿ ಮಧ್ಯಾಹ್ನ 3. ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಗೋಷ್ಠಿಯನ್ನು ಕ್ಯಾಲೆಂಡರಿಗೆ ಹಾಕಿದವರು ದೆಹಲಿಯವರಾಗಿದ್ದರೆ ದೆಹಲಿಯ 7.30 ಅಲುಗುವುದಿಲ್ಲ, ನ್ಯೂಜೆರ್ಸಿಯವರ 10 ಗಂಟೆ 9 ಆಗುತ್ತದೆ. ಹಾಕಿದವರು ನ್ಯೂಜೆರ್ಸಿಯ ಸದಸ್ಯರಾಗಿದ್ದರೆ ಅವರ 10 ಗಂಟೆ ಅಲುಗುವುದಿಲ್ಲ, ದೆಹಲಿಯ 7.30 ರಾತ್ರಿ 8.30ಕ್ಕೆ ಜರುಗುತ್ತದೆ. ಎರಡು ಸಂದರ್ಭಗಳಲ್ಲಿಯೂ ತಂತ್ರಾಂಶ ತಪ್ಪು ಮಾಡಿಲ್ಲ. ಯಾರ ಗಡಿಯಾರ ನಿಲ್ಲಬೇಕು, ಯಾರದು ಜರುಗಬೇಕು ಎಂಬುದು ಬಳಗದವರು ಕೂಡಿ ಮಾಡಬೇಕಾದ ತೀರ್ಮಾನ. ಅದನ್ನು ಮಾಡದೆ ಬಿಟ್ಟರೆ, ಮೊದಲ ಸಲ ನಮೂದು ಮಾಡಿದವರು ಆ ದಿನ ಯಾವ ದೇಶದಲ್ಲಿ ಕುಳಿತಿದ್ದರು ಎಂಬ ಆಕಸ್ಮಿಕವೇ ಎಲ್ಲರ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಅಮೆರಿಕದ ಬೇಸಿಗೆ ಸಮಯ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಆರಂಭವಾಗುತ್ತದೆ; ಬ್ರಿಟನ್ ಮತ್ತು ಯುರೋಪಿನದು ಅದೇ ತಿಂಗಳ ಕೊನೆಯ ಭಾನುವಾರ. 2025ರಲ್ಲಿ ಈ ದಿನಗಳು ಮಾರ್ಚ್ 9 ಮತ್ತು 30 ಆಗಿದ್ದವು. ನಡುವಿನ ಮೂರು ವಾರ ನ್ಯೂಯಾರ್ಕಿಗೂ ಲಂಡನ್ನಿಗೂ ಇರುವ ಐದು ಗಂಟೆಯ ಅಂತರ ನಾಲ್ಕಕ್ಕಿಳಿದಿತ್ತು. ಶರತ್ಕಾಲದಲ್ಲಿ ಯುರೋಪು ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತಿರುಗಿದರೆ ಅಮೆರಿಕ ಒಂದು ವಾರ ತಡವಾಗಿ ತಿರುಗುತ್ತದೆ. ಆಸ್ಟ್ರೇಲಿಯದ ದಕ್ಷಿಣ ರಾಜ್ಯಗಳಲ್ಲಿ ಎಲ್ಲವೂ ತಿರುಗುಮುರುಗು: ಅಲ್ಲಿಯ ಬೇಸಿಗೆ ನಮ್ಮ ಚಳಿಗಾಲ. ಅಮೆರಿಕದೊಳಗೇ ಅರಿಜೋನಾ ರಾಜ್ಯದ ಬಹುಭಾಗ ಗಡಿಯಾರವನ್ನು ಮುಟ್ಟುವುದೇ ಇಲ್ಲ. ವರ್ಷವಿಡೀ ಒಂದೇ ಗಡಿಯಾರವಿರುವ ನಾವು ಈ ಪಲ್ಲಟಗಳನ್ನು ಹೊರಗಿನಿಂದ ನೋಡುತ್ತೇವೆ. 'ಅವರಿಗೂ ನಮಗೂ ಹತ್ತೂವರೆ ಗಂಟೆ' ಎಂದು ಒಮ್ಮೆ ಕಲಿತ ಲೆಕ್ಕವನ್ನು ಜುಲೈಯಲ್ಲಿಯೂ ಒಪ್ಪಿಸುತ್ತೇವೆ.

ಇದಕ್ಕೆ ಮೊದಲಕ್ಷರಗಳ ಹಾವಳಿಯೂ ಸೇರುತ್ತದೆ. 'ಐಎಸ್‌ಟಿ' ಎಂದು ಬರೆದರೆ ಜಗತ್ತಿಗೆಲ್ಲ ಅರ್ಥವಾಯಿತೆಂದು ನಾವು ಭಾವಿಸಿದ್ದೇವೆ. ಐರ್ಲೆಂಡಿನವರು ತಮ್ಮ ಬೇಸಿಗೆಯ ಸಮಯವನ್ನು ಕರೆಯುವುದು ಅದೇ ಮೂರು ಅಕ್ಷರಗಳಿಂದ. ಇಸ್ರೇಲಿನ ಪ್ರಮಾಣ ಕಾಲಕ್ಕೂ ಅವೇ ಅಕ್ಷರಗಳು. ಡಬ್ಲಿನ್ನಿನಲ್ಲಿರುವ ಕನ್ನಡಿಗರಿಗೆ 'ಐಎಸ್‌ಟಿ 7.30' ಎಂದು ಬರೆದು ಕಳಿಸಿದರೆ ಆಗಸ್ಟ್ ತಿಂಗಳಿನಲ್ಲಿ ಅದಕ್ಕೆ ಎರಡು ಸರಿಯಾದ ಅರ್ಥಗಳಿವೆ. ಕಾಲವಲಯಗಳ ಮಾಹಿತಿಯನ್ನು ಸಂಗ್ರಹಿಸಿಡುವ, ಜಗತ್ತಿನ ಬಹುಪಾಲು ಫೋನು ಮತ್ತು ಗಣಕಗಳು ನೆಚ್ಚಿಕೊಂಡಿರುವ ದತ್ತಸಂಚಯವು ಈ ಕಾರಣಕ್ಕಾಗಿಯೇ ಮೊದಲಕ್ಷರಗಳನ್ನು ನಂಬದೆ ಊರಿನ ಹೆಸರನ್ನು ನಂಬುತ್ತದೆ. ಅಲ್ಲಿ ನಮ್ಮ ಕಾಲದ ಹೆಸರು 'ಏಷ್ಯಾ/ಕೋಲ್ಕತಾ'. ಇತರರದು 'ಯುರೋಪ್/ಲಂಡನ್', 'ಅಮೆರಿಕಾ/ನ್ಯೂಯಾರ್ಕ್'. ಅಂದರೆ ಯಂತ್ರವನ್ನು ಕಟ್ಟಿದವರು ಕೂಡ ಗಂಟೆಗೆ ಊರು ಬೇಕೆಂಬುದನ್ನು ಒಪ್ಪಿಕೊಂಡಿದ್ದಾರೆ. ಯಂತ್ರವೇ ಸಾಕೆನ್ನುವ ನಾವು ಮಾತ್ರ ಊರನ್ನು ಬಿಟ್ಟು ಬರೆಯುತ್ತಿದ್ದೇವೆ.

ಎರಡನೆಯ ಸಮಾಧಾನ ಹೆಚ್ಚು ಓದಿಕೊಂಡವರದು. ಎಲ್ಲವನ್ನೂ ಯುಟಿಸಿಯಲ್ಲಿ ದಾಖಲಿಸಿ, ಅವರವರು ತಮ್ಮ ತಮ್ಮ ಕಾಲಕ್ಕೆ ತಿರುಗಿಸಿಕೊಳ್ಳಲಿ ಎನ್ನುತ್ತಾರೆ ಅವರು. ಆಗಿಹೋದ ಸಂಗತಿಗೆ ಇದು ಸರಿ: ವಿಮಾನ ಹಾರಿದ ಕ್ಷಣ, ಹಣ ಜಮೆಯಾದ ಕ್ಷಣ ಒಂದೇ ಕ್ಷಣ. ಕ್ಯಾಲೆಂಡರಿನ ವ್ಯವಹಾರವಿರುವುದು ಮುಂದಾಗಬೇಕಾದುದರ ಜೊತೆ. ಮುಂದಿನ ಗಂಟೆಗಳನ್ನು ಆಳುವುದು ಸರ್ಕಾರಗಳು, ಸರ್ಕಾರಗಳು ಮನಸ್ಸು ಬದಲಿಸುತ್ತವೆ. 2023ರ ಮಾರ್ಚ್ ತಿಂಗಳಿನಲ್ಲಿ ಲೆಬನಾನಿನಲ್ಲಿ ಏನಾಯಿತೆಂದು ನೋಡಿ. ಮಾರ್ಚ್ 26ರಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಬೇಕಿತ್ತು. ಇನ್ನು ಕೆಲವೇ ದಿನಗಳಿವೆ ಎನ್ನುವಾಗ, ರಂಜಾನ್ ತಿಂಗಳ ಕಾರಣದಿಂದ, ಸರ್ಕಾರ ಅದನ್ನು ಮುಂದೂಡಿತು. ಮಾರೊನೈಟ್ ಚರ್ಚು ಒಪ್ಪಲಿಲ್ಲ. ಹಲವು ಸಂಸ್ಥೆಗಳು ಹಳೆಯ ನಿಯಮದಂತೆಯೇ ಗಡಿಯಾರ ತಿರುಗಿಸಿದವು. ಪುಟ್ಟ ದೇಶವೊಂದರಲ್ಲಿ ಕೆಲವು ದಿನ ಎರಡು ಕಾಲಗಳು ಏಕಕಾಲಕ್ಕೆ ನಡೆದವು. ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು. ಆ ಸೋಮವಾರ ಬೆಳಗ್ಗೆ 10ಕ್ಕೆ ಬೈರೂತಿನ ಕಚೇರಿಯೊಂದರಲ್ಲಿ ಭೇಟಿ ನಿಗದಿಯಾಗಿತ್ತು, ಅದನ್ನು ಜನವರಿಯಲ್ಲಿಯೇ ಯುಟಿಸಿಗೆ ತಿರುಗಿಸಿ 7 ಗಂಟೆ ಎಂದು ಬರೆದಿಡಲಾಗಿತ್ತು ಎಂದುಕೊಳ್ಳಿ. ಸರ್ಕಾರದ ಆದೇಶ ಪಾಲಿಸಿದ ಕಚೇರಿಯ ಗೋಡೆ ಗಡಿಯಾರದಲ್ಲಿ ಆ ಕ್ಷಣಕ್ಕೆ 9 ಆಗಿರುತ್ತಿತ್ತು. ಭೇಟಿ ಇದ್ದದ್ದು ಬೈರೂತಿನ 10 ಗಂಟೆಗೆ. ಬರೆದಿಟ್ಟದ್ದು ಮಾತ್ರ ಬೇರೊಂದು ಕ್ಷಣ.

ಇಂಥದು ವಿರಳವೆಂದು ತಳ್ಳಿಹಾಕುವಂತಿಲ್ಲ. ಮೆಕ್ಸಿಕೋ ದೇಶದ ಬಹುಭಾಗ 2022ರಲ್ಲಿ ಬೇಸಿಗೆ ಸಮಯವನ್ನು ಕೈಬಿಟ್ಟಿತು. ಅದನ್ನು ಎಂದೋ ಕೈಬಿಟ್ಟಿದ್ದ ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಗಡಿಯಾರ ತಿರುಗಿಸುವ ಪದ್ಧತಿಯನ್ನೇ ನಿಲ್ಲಿಸಬೇಕೆಂದು ಯುರೋಪಿನ ಸಂಸತ್ತು 2019ರಲ್ಲಿ ಮತ ನೀಡಿತು. ಅದು ಜಾರಿಗೆ ಬರದೆ ನಿಂತಿದೆ. ನಿಯಮ ಬದಲಾದಾಗ ದತ್ತಸಂಚಯವನ್ನು ತಿದ್ದಿ ಸರಿಪಡಿಸಬಹುದು. ಆದರೆ ಕಾರ್ಯಕ್ರಮ ಯಾವ ಊರಿನದೆಂದು ಬರೆದಿಟ್ಟಿದ್ದರೆ ಮಾತ್ರ. ಊರನ್ನು ಅಳಿಸಿ ಕ್ಷಣವನ್ನಷ್ಟೇ ಉಳಿಸಿಕೊಂಡವರಿಗೆ ತಿದ್ದಲು ಏನೂ ಉಳಿದಿರುವುದಿಲ್ಲ.

ಎಲ್ಲ ಹೊತ್ತುಗಳೂ ಒಂದೇ ಜಾತಿಯವಲ್ಲ ಎಂಬುದನ್ನು ಯುಟಿಸಿವಾದಿಗಳು ಮರೆಯುತ್ತಾರೆ. ಕ್ಯಾಲೆಂಡರುಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಲು ಬಳಸುವ 'ಐಕ್ಯಾಲೆಂಡರ್' ಎಂಬ ಮಾನಕ 1998ರಲ್ಲಿ ರೂಪುಗೊಂಡಿತು, 2009ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ ಗಂಟೆಯನ್ನು ಬರೆಯಲು ಮೂರು ರೀತಿಗಳಿವೆ: ಯುಟಿಸಿಯ ಗಂಟೆ, ಕಾಲವಲಯದ ಹೆಸರು ಹೊತ್ತ ಗಂಟೆ, ಯಾವ ವಲಯಕ್ಕೂ ಸೇರದ 'ತೇಲುವ' ಗಂಟೆ. ಬೆಳಗ್ಗೆ 8ಕ್ಕೆ ರಕ್ತದೊತ್ತಡದ ಮಾತ್ರೆ ನುಂಗಬೇಕೆಂಬ ನೆನಪೋಲೆ ತೇಲುವ ಗಂಟೆಯದು. ಯಾವ ಊರಿನಲ್ಲಿದ್ದರೂ ಅಲ್ಲಿಯ 8. ಇವಲ್ಲದೆ ಗಂಟೆಯೇ ಇಲ್ಲದ, ಬರೀ ದಿನಾಂಕದ ನಮೂದುಗಳೂ ಇವೆ. ರಾಜ್ಯೋತ್ಸವವನ್ನು ದಿನವೆಂದು ನಮೂದಿಸದೆ 'ನವೆಂಬರ್ 1, ರಾತ್ರಿ 12ರಿಂದ' ಎಂದು ಭಾರತೀಯ ಕಾಲದ ಕ್ಷಣವಾಗಿ ನಮೂದಿಸಿದರೆ ನ್ಯೂಜೆರ್ಸಿಯವರ ಫೋನಿನಲ್ಲಿ ಅದು ಅಕ್ಟೋಬರ್ 31ರ ಮಧ್ಯಾಹ್ನ ಎರಡೂವರೆಗೇ ಆರಂಭವಾಗುತ್ತದೆ. ಈ ಭೇದ ನಮ್ಮ ಪಂಚಾಂಗಕ್ಕೆ ಮೊದಲೇ ತಿಳಿದಿತ್ತು. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ. ಅದು ಸೂರ್ಯಚಂದ್ರರ ನಡುವಿನ ಕೋನದ ಲೆಕ್ಕ. ಆದರೆ ಆ ತಿಥಿ ಯಾವ ವಾರಕ್ಕೆ ಸೇರಬೇಕೆಂಬುದನ್ನು ಸಾಮಾನ್ಯವಾಗಿ ಆಯಾ ಊರಿನ ಸೂರ್ಯೋದಯ ನಿರ್ಧರಿಸುತ್ತದೆ. ಅಮೆರಿಕದಲ್ಲಿ ಏಕಾದಶಿ ಒಮ್ಮೊಮ್ಮೆ ಇಲ್ಲಿಗಿಂತ ಬೇರೆ ದಿನ ಬರುವುದು ಇದಕ್ಕೇ. ದಿನ ಸೂರ್ಯೋದಯಕ್ಕೆ ಆರಂಭವೆಂದು ಎಣಿಸುವವರಿಗೆ 'ಶನಿವಾರ ರಾತ್ರಿ 12.30' ಎಂದರೆ ಒಂದು ರಾತ್ರಿ, ಗಡಿಯಾರವನ್ನು ನಂಬುವವರಿಗೆ ಇನ್ನೊಂದು.

ಮೂರನೆಯ ಸಮಾಧಾನ ನನಗೆ ಹೆಚ್ಚು ನೋವಿನದು, ಏಕೆಂದರೆ ಅದನ್ನು ಹೇಳುವವರು ನಮ್ಮವರೇ. ಭಾರತೀಯ ಕಾಲ ಹೇಳಿದ್ದೇವಲ್ಲ, ಹೊರಗಿನವರು ಲೆಕ್ಕ ಹಾಕಿಕೊಳ್ಳಲಿ ಎನ್ನುತ್ತಾರೆ. ಜೂಲ್ ವೆರ್ನ್ ಎಂಬತ್ತು ದಿನಗಳ ವಿಶ್ವಯಾತ್ರೆಯ ಕಥೆ ಹೇಳುವ ತನ್ನ 1873ರ ಕಾದಂಬರಿಯಲ್ಲಿ ಪಾಸ್‌ಪಾರ್ತೂ ಎಂಬ ಸೇವಕನೊಬ್ಬನನ್ನು ತಂದಿದ್ದಾನೆ. ಮನೆತನದಿಂದ ಬಂದ ತನ್ನ ಗಡಿಯಾರವನ್ನು ಲಂಡನ್ ಸಮಯದಿಂದ ಕದಲಿಸಲು ಅವನು ಸುತರಾಂ ಒಪ್ಪುವುದಿಲ್ಲ; ಸೂಯೆಜ್ ಬಳಿ ಸೂರ್ಯನಿಗೂ ಗಡಿಯಾರಕ್ಕೂ ತಾಳೆಯಾಗದಿದ್ದರೆ ತಪ್ಪು ಸೂರ್ಯನದೇ ಎಂಬುದು ಅವನ ನಿಲುವು. ಓದುವಾಗ ನಗು ಬರುತ್ತದೆ. ನಮ್ಮ ಆಮಂತ್ರಣಗಳು ಆ ಸೇವಕನ ಗಡಿಯಾರವೇ ಎಂಬುದು ಹೊಳೆದಾಗ ನಗು ನಿಲ್ಲುತ್ತದೆ.

ಭಾರತದ ಭಾನುವಾರ ಸಂಜೆ 7.30 ಎಂದರೆ ಮೆಲ್ಬರ್ನಿನಲ್ಲಿ ಜುಲೈ ತಿಂಗಳಿನಲ್ಲಿ ನಡುರಾತ್ರಿ 12, ಡಿಸೆಂಬರಿನಲ್ಲಿ ರಾತ್ರಿ 1 ಗಂಟೆ. ಅಲ್ಲಿ ಆಗ ಭಾನುವಾರವೇ ಮುಗಿದು ಸೋಮವಾರ ಹುಟ್ಟಿರುತ್ತದೆ. ವರ್ಷಪೂರ್ತಿ ಅದೇ ಹೊತ್ತನ್ನು ಇಟ್ಟುಕೊಂಡು, ಕೊನೆಗೆ ವಾರ್ಷಿಕ ವರದಿಯಲ್ಲಿ 'ಆಸ್ಟ್ರೇಲಿಯದ ಸದಸ್ಯರಿಗೆ ಆಸಕ್ತಿ ಕಡಿಮೆ' ಎಂದು ಬರೆಯುವುದು ಯಾವ ನ್ಯಾಯ? ಕನ್ನಡವೆಂದರೆ ಬೆಂಗಳೂರು ಎಂದುಕೊಂಡವರ ಬಗ್ಗೆ ಹೊರನಾಡಿನ ನಮ್ಮ ಅಸಮಾಧಾನ ಹಳೆಯದು. 'ನೀವೇ ಹೊಂದಿಕೊಳ್ಳಿ' ಎಂಬ ಮಾತಿನ ಹಿಂದಿರುವ ಉದಾಸೀನ ನಮಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು. ಅದೇ ಮಾತನ್ನು ನಾವು ನಮಗಿಂತ ದೂರವಿರುವವರಿಗೆ ಪ್ರತಿವಾರ ಗಂಟೆಯ ರೂಪದಲ್ಲಿ ಹೇಳುತ್ತಿದ್ದೇವೆ.

ಹಾಗಾದರೆ ಮಾಡಬೇಕಾದುದೇನು? ಹೆಚ್ಚೇನಿಲ್ಲ. ಸರಣಿ ಕಾರ್ಯಕ್ರಮವಾದರೆ ಅದು ಯಾವ ಊರಿನ ಗಡಿಯಾರಕ್ಕೆ ಕಟ್ಟಿಕೊಂಡಿದೆ ಎಂಬುದನ್ನು ಬಳಗದ ಸಭೆಯಲ್ಲಿಯೇ ತೀರ್ಮಾನಿಸಿ. ಕ್ಯಾಲೆಂಡರಿನಲ್ಲಿ ಗಂಟೆಯ ಪಕ್ಕದಲ್ಲಿಯೇ ಇರುವ ಕಾಲವಲಯದ ಆಯ್ಕೆಯನ್ನು ತೆರೆದು, ಆ ಊರಿನ ಕಾಲವನ್ನು ನೀವೇ ಆರಿಸಿ. ಫೋನು ತಾನಾಗಿ ಊಹಿಸಿದ್ದಕ್ಕೆ ಬಿಡಬೇಡಿ. ಪ್ರಯಾಣಕ್ಕೂ ಇದೇ ಮಾತು: ಜುಲೈಯಲ್ಲಿ ಲಂಡನ್ನಿನಲ್ಲಿರುವ ಬೆಳಗಿನ 10ರ ಭೇಟಿಯನ್ನು ದೆಹಲಿಯಲ್ಲಿ ಕುಳಿತು ಊರು ಹೇಳದೆ ನಮೂದಿಸಿದರೆ ಅಲ್ಲಿ ಇಳಿದ ಮೇಲೆ ಅದೇ ಕ್ಯಾಲೆಂಡರು 5.30 ಎಂದು ತೋರಿಸುತ್ತದೆ. ಆಮಂತ್ರಣದಲ್ಲಿ ಮೊದಲಕ್ಷರಗಳನ್ನು ಬಿಟ್ಟು ಊರುಗಳನ್ನು ಬರೆಯಿರಿ. ವಾರ ಬದಲಾಗುವ ಕಡೆ ವಾರವನ್ನೂ ಬರೆಯಿರಿ. ಮಾರ್ಚ್, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಒಂದು ಸಾಲಿನ ನೆನಪೋಲೆ ಕಳಿಸಿ. ವರ್ಷದಲ್ಲಿ ನಾಲ್ಕು ಗೋಷ್ಠಿಗಳನ್ನಾದರೂ ಪೂರ್ವದವರ ಹಗಲಿಗೆ ಸರಿಸಿ. ಒಂದು ಭಾನುವಾರ ನಾವು ಬೆಳಗ್ಗೆ ಎಂಟಕ್ಕೆ ಕಾಫಿ ಲೋಟ ಹಿಡಿದು ಕುಳಿತರೆ ಸಾಹಿತ್ಯಕ್ಕೆ ನಷ್ಟವಿಲ್ಲ.

ಇಷ್ಟೆಲ್ಲ ಬರೆದರೆ ಆಮಂತ್ರಣ ಉದ್ದವಾಗುತ್ತದೆ ಎಂಬ ಆಕ್ಷೇಪ ಬರಬಹುದು. 'ಭಾನುವಾರ ಸಂಜೆ 7.30, ದೆಹಲಿ. ಲಂಡನ್ ಮಧ್ಯಾಹ್ನ 3, ನ್ಯೂಜೆರ್ಸಿ ಬೆಳಗ್ಗೆ 10, ಮೆಲ್ಬರ್ನ್ ಭಾನುವಾರ ಕಳೆದು ನಡುರಾತ್ರಿ 12' ಎಂದರೆ ಜುಲೈ ತಿಂಗಳ ಆಮಂತ್ರಣ ಪೂರ್ಣವಾಯಿತು. ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ವಂದನಾರ್ಪಣೆ ಎಂದು ಹತ್ತು ಸಾಲುಗಳಲ್ಲಿ ಹೆಸರು ಮುದ್ರಿಸುವ ನಮಗೆ ಊರುಗಳಿಗಾಗಿ ಒಂದು ಸಾಲು ಇಲ್ಲವೆನ್ನುವುದು ಜಾಗದ ಕೊರತೆಯಲ್ಲ.

ಇದು ಸಣ್ಣ ವಿಷಯವೆನ್ನುವವರು ಇನ್ನೊಂದನ್ನು ಗಮನಿಸಬೇಕು. ದೂರದ ಊರಿನಲ್ಲಿ ಕನ್ನಡ ಉಳಿಯುವುದು ದೊಡ್ಡ ಸಮ್ಮೇಳನಗಳಿಗಿಂತ ಹೆಚ್ಚಾಗಿ ವಾರಕ್ಕೊಮ್ಮೆ ನಾಲ್ಕು ಜನ ಒಟ್ಟಿಗೆ ಓದುವ ಅಭ್ಯಾಸದಿಂದ. ಎರಡು ಸಲ ಗಂಟೆ ತಪ್ಪಿ ಬಂದು ಖಾಲಿ ಪರದೆಯನ್ನು ನೋಡಿದವರು ಮೂರನೆಯ ಸಲ ಬರುವುದಿಲ್ಲ; ಏಕೆ ಬರಲಿಲ್ಲವೆಂದು ಹೇಳಿ ಕಳಿಸುವುದೂ ಇಲ್ಲ. ಮನೆಗೆ ಕರೆಯುವಾಗ ವಿಳಾಸ ಕೊಡದೆ ಕರೆದವರನ್ನು ನಾವು ಮರ್ಯಾದಸ್ಥರೆನ್ನುವುದಿಲ್ಲ. ಪರದೆಯ ಮೇಲೆ ಸೇರುವವರಿಗೆ ಮನೆಯಿಲ್ಲ, ಬೀದಿಯಿಲ್ಲ. ಅವರು ಬಂದು ಸೇರಬೇಕಾದ ವಿಳಾಸವೆಂದರೆ ಗಂಟೆಯೊಂದೇ. ಆ ವಿಳಾಸವನ್ನು ಪೂರ್ತಿಯಾಗಿ ಬರೆಯುವುದು ಕರೆಯುವವರು ಮಾಡಬೇಕಾದ ಮೊದಲ ಸತ್ಕಾರ.